ಮಲಗಿದ್ದವರ ಕಿವಿ

ಜಾವಾದ ಯೋಗ್ಯಕರ್ತಾ ಹತ್ತಿರದ ಹಳ್ಳಿಯೊಂದರ ಮದುವೆಮನೆ ಅಂಗಳ. ರಾತ್ರಿ ಒಂಬತ್ತಕ್ಕೆ ವಯಾಂಗ್ ಗೊಂಬೆಯಾಟ ಶುರುವಾಯಿತು. ಮೊಬೈಲಿನಲ್ಲಿ ರೆಕಾರ್ಡಿಂಗ್ ಹಾಕಿ, ನೋಟ್‌ಬುಕ್ಕು ತೊಡೆಯ ಮೇಲಿಟ್ಟು, ಏನೂ ತಪ್ಪಿಹೋಗಬಾರದೆಂದು ಮುಂದೆಯೇ ಕೂತಿದ್ದೆ. ಕಥೆ ಹೇಳಿ, ಗೊಂಬೆಯಾಡಿಸಿ, ಎಲ್ಲ ಪಾತ್ರಗಳಿಗೂ ತಾವೇ ದನಿಯಾಗುವ ದಲಾಂಗರು ಎಮ್ಮೆ ಚರ್ಮದ ಗೊಂಬೆಗಳನ್ನು ಬಾಳೆದಿಂಡಿಗೆ ಚುಚ್ಚುತ್ತಿದ್ದರು. ಎರಡು ಕೈಯಲ್ಲಿ ಎರಡು ಗೊಂಬೆ, ಕಾಲ್ಬೆರಳ ಸಂದಿಯಲ್ಲಿ ಮರದ ಪುಟ್ಟ ಕೊಡತಿ. ಅದರಿಂದ ಗೊಂಬೆಪೆಟ್ಟಿಗೆಗೆ ಪೆಟ್ಟು ಬಿದ್ದರೆ ಹಿಂದಿನ ಗಮೆಲಾನ್ ಮೇಳವೆಲ್ಲ ನಡೆ ಬದಲಿಸುತ್ತಿತ್ತು.

ಹನ್ನೊಂದಕ್ಕೆ ಪಕ್ಕದ ಅಜ್ಜ ಸರೋಂಗ್ ಹೊದ್ದು ಮಲಗಿಯೇಬಿಟ್ಟರು. ಗೊರಕೆ ಬೇರೆ. ರೆಕಾರ್ಡಿಂಗ್ ಕೆಟ್ಟಿತಲ್ಲ ಎಂದು ನನಗೆ ಕಸಿವಿಸಿ. ಬಯಲಾಟದ ನಡುವೆ ಚಾಪೆಯ ಮೇಲೆ ನಿದ್ದೆಹೋಗಿ, ಚೆಂಡೆಯ ಪೆಟ್ಟಿಗೆ ಎದ್ದು ಕೂರುವವರ ಊರಿನವನು ನಾನು. ಅಧ್ಯಯನಕ್ಕೆಂದು ಹೊರಟ ಮೇಲೆ ಅದು ಹೇಗೆ ಮರೆತುಹೋಯಿತೋ! ಅರ್ಧರಾತ್ರಿ ದಾಟಿ ಗೊರೊ-ಗೊರೊ ಬಂತು. ಲೋಕವೇ ಅಲ್ಲಾಡುವ ಹೊತ್ತು ಅದು. ಸೆಮಾರ್ ಮತ್ತವನ ಮೂವರು ಮಕ್ಕಳು ನಗಿಸಲು ಬರುವ ಹೊತ್ತು. ನೋಡಿದರೆ ಅಜ್ಜ ಎದ್ದು ಕೂತು ಚಹಾದ ಲೋಟಕ್ಕೆ ಕೈಚಾಚಿದ್ದರು. ಗಮೆಲಾನ್ ಎಬ್ಬಿಸಿತು ಎಂದು ಬರೆದುಕೊಂಡೆ.

ಯಾನ್ ಮ್ರಾಜೆಕ್ ಅವರ ಹಾದಿ ನನಗೆ ಅರ್ಥವಾದದ್ದು ಆಮೇಲೆ. ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಕಲಿಸಿದ, ಸ್ವತಃ ಗಮೆಲಾನ್ ನುಡಿಸುವ ವಿದ್ವಾಂಸರು. 2005ರಲ್ಲಿ ಅವರ ದೊಡ್ಡ ಪುಸ್ತಕ ಬಂತು, ಗೊಂಬೆಯಾಟವನ್ನು ಅಷ್ಟು ಹತ್ತಿರದಿಂದ ಕಂಡದ್ದು. 2019ರಲ್ಲಿ ಬಂದದ್ದು ಟಿವಿ ಮತ್ತು ಇಂಟರ್‌ನೆಟ್ಟಿನ ವಯಾಂಗ್ ಕುರಿತು. ಅಂಗಳದ ಆಟವನ್ನು ಅಷ್ಟೊಂದು ಪ್ರೀತಿಸಿದವರು ಟಿವಿ ಪೆಟ್ಟಿಗೆಯ ಮುಂದೆ ಯಾಕೆ ಕೂತರು? ಜನ ಅಲ್ಲಿಗೆ ಹೋಗಿದ್ದರು, ಅವರೂ ಹೋದರು ಎಂದುಕೊಳ್ಳುತ್ತೇನೆ. ಕಲೆಯ ಅಭ್ಯಾಸಿಗೆ ಇದಕ್ಕಿಂತ ದೊಡ್ಡ ನಿಷ್ಠೆ ನನಗೆ ಕಾಣದು.

ಜನ ಮೊದಲಿಂದಲೂ ಹೋಗುತ್ತಲೇ ಇದ್ದರು. ರೇಡಿಯೋ ಬಂದಾಗ ರಾತ್ರಿಯಿಡೀ ರೇಡಿಯೋ. ಆಮೇಲೆ ದಲಾಂಗ ನಾರ್ತೊಸಬ್ದೊ ಅವರ ಕ್ಯಾಸೆಟ್ಟುಗಳು. ಒಂದು ಕಥೆಗೆ ಏಳೆಂಟು ಬೇಕಾಗುತ್ತಿದ್ದವು. 1990ರ ದಶಕದಲ್ಲಿ ಇಂಡೋಸಿಯಾರ್ ಟಿವಿ ಚಾನೆಲ್ಲು ವಾರಕ್ಕೊಂದು ರಾತ್ರಿ ವಯಾಂಗ್ ತೋರಿಸತೊಡಗಿತು. 2020ರಲ್ಲಿ ಕೊರೊನಾ ಬಂದು ಅಂಗಳಗಳೆಲ್ಲ ಖಾಲಿಯಾದಾಗ ದಲಾಂಗ ಸೆನೊ ನುಗ್ರೊಹೊ ಮನೆಯಿಂದಲೇ ಯೂಟ್ಯೂಬಿನಲ್ಲಿ ಆಡಿದರು. ಅದೇ ವರ್ಷ, 48ನೇ ವಯಸ್ಸಿಗೇ ತೀರಿಕೊಂಡರು.

ಕಳೆದುಕೊಂಡದ್ದೇನೂ ಇಲ್ಲ ಎನ್ನಲಾರೆ. ಅಂಗಳದಲ್ಲಿ ಗೊಂಬೆ ನೋಡಬೇಕೋ, ಹಾಡುವ ಸಿಂದೆನಳನ್ನೋ, ಕಡಲೆಕಾಯಿ ಮಾರುವವನನ್ನೋ, ಕಣ್ಣಿಗೆ ಬಿಟ್ಟದ್ದು. ಟಿವಿ, ಯೂಟ್ಯೂಬಿನಲ್ಲಾದರೆ ಕ್ಯಾಮೆರಾ ತೋರಿಸಿದ್ದನ್ನಷ್ಟೇ ನೋಡಬೇಕು. ದಲಾಂಗರಿಗಾದರೂ ಎದುರಿಗೆ ಯಾರು ತೂಕಡಿಸಿದರು, ಯಾರು ನಕ್ಕರು ಎಂಬುದು ಕಾಣದು. ಇದು ಸಣ್ಣ ನಷ್ಟವಲ್ಲ. ಆದರೆ ರಾತ್ರಿಯಿಡೀ ಜೊತೆಗೊಂದು ದನಿ ಇರಲಿ ಎಂಬ ಆಸೆಯನ್ನು ಯಂತ್ರ ಕೊಂದಿಲ್ಲ, ಮನೆಯೊಳಕ್ಕೆ ಹೊತ್ತು ತಂದಿದೆ.

ಊರಿಗೆ ಬಂದು ತಿಂಗಳಾದ ಮೇಲೆ, ಕೆಟ್ಟಿತೆಂದು ಬದಿಗಿಟ್ಟಿದ್ದ ರೆಕಾರ್ಡಿಂಗನ್ನು ಕಿವಿಗೆ ಇಯರ್‌ಫೋನ್ ಹಾಕಿ ಕೇಳಿದೆ. ದಲಾಂಗರ ಮಾತಿನ ಅಡಿಯಲ್ಲಿ ಅಜ್ಜನ ಗೊರಕೆ ಸಮವಾಗಿ ನಡೆದಿತ್ತು. ಒಂದು ಕಡೆ ನಿಂತಿತು. ಗಮೆಲಾನ್ ಇನ್ನೂ ಹಳೆಯ ನಡೆಯಲ್ಲೇ ಇತ್ತು. ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದೆ. ಮೊದಲು ಗೊರಕೆ ನಿಂತಿತು, ಬಟ್ಟೆ ಸರಿದ ಸದ್ದು, ಲೋಟ ಟಣ್ ಎಂದಿತು. ಪೆಟ್ಟಿಗೆಯ ಮೇಲೆ ಕೊಡತಿಯ ಪೆಟ್ಟು ಬಿದ್ದದ್ದು ಅದಾದ ಮೇಲೆ.