ಪರರ ಹೊಲದಲ್ಲಿ ಪಾಠ

ಹೊರನಾಡಿನ ಹಳ್ಳಿಯೊಂದಕ್ಕೆ ಹೋಗಿ, ಸಂಬಳವನ್ನು ಬಯಸದೆ ಅಲ್ಲಿಯ ರೈತರಿಗೆ ಬೇಸಾಯ ಕಲಿಸಿ ಬರುತ್ತೇನೆಂದು ತರುಣನೊಬ್ಬ ಹೊರಟು ನಿಂತರೆ ಅವನನ್ನು ಮೆಚ್ಚದವರಾರು? ಸುಖವಾದ ಮನೆಯನ್ನು ಬಿಟ್ಟು, ಭಾಷೆ ಬಾರದ ಊರಿನಲ್ಲಿ ಬಿಸಿಲು ಮಳೆಗಳನ್ನು ಸಹಿಸಲು ಒಪ್ಪುವುದು ಸಣ್ಣ ಮಾತಲ್ಲ. ಆದರೆ ಮೆಚ್ಚಿಕೆಯೆಲ್ಲ ಮುಗಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಅವನು ಹೇಳಿಕೊಟ್ಟದ್ದು ತಪ್ಪಾದರೆ ನಷ್ಟ ಯಾರದು?

ಲೆಕ್ಕದ ಮೇಷ್ಟರು ತಪ್ಪು ಹೇಳಿದರೆ ಸ್ಲೇಟನ್ನು ಒರೆಸಿ ಮತ್ತೆ ಬರೆಯಬಹುದು. ಬೇಸಾಯದ ಮೇಷ್ಟರ ತಪ್ಪನ್ನು ಒರೆಸಲು ಒಂದು ವರ್ಷ ಬೇಕು. ಆ ವರ್ಷವೆಲ್ಲ ಮನೆಮಂದಿ ಉಣ್ಣಬೇಕು, ಸಾಲಕ್ಕೆ ಬಡ್ಡಿ ಕಟ್ಟಬೇಕು. ಹಾಸನದ ಸುತ್ತ ಆಲೂಗಡ್ಡೆ ಬೆಳೆಯುವವರನ್ನು ನೋಡಿ. ಬಿತ್ತನೆಗಡ್ಡೆ ಪಂಜಾಬಿನ ಜಲಂಧರದ ಕಡೆಯಿಂದ ಬರಬೇಕು. ಅದಕ್ಕೆ ಹಣವನ್ನು ಮೊದಲೇ ಸುರಿಯಬೇಕು. ಮುಂಗಾರು ಹದವಾಗಿ ಬಂದರೆ ಸರಿ; ಮೋಡ ಮುಚ್ಚಿಕೊಂಡು ಜಿಟಿಜಿಟಿ ಮಳೆ ಹಿಡಿಯಿತೆಂದರೆ ಅಂಗಮಾರಿ ಬಿದ್ದು ಕೆಲವೇ ದಿನಗಳಲ್ಲಿ ಹೊಲ ಕಪ್ಪಾಗುತ್ತದೆ. 1845ರಲ್ಲಿ ಐರ್ಲೆಂಡಿಗೆ ತಗುಲಿ ಆ ದೇಶವನ್ನು ಕ್ಷಾಮಕ್ಕೆ ದೂಡಿದ್ದೂ ಇದೇ ರೋಗ. ಇಂಥ ಹೊಲದ ಬದುವಿನ ಮೇಲೆ ನಿಂತು ‘ಹೀಗೆ ಮಾಡಿ’ ಎನ್ನುವವನು ಆ ಮಾತನ್ನು ಎಷ್ಟು ತೂಗಿ ಆಡಬೇಕು!

1961ರಲ್ಲಿ ಅಮೆರಿಕದ ಅಧ್ಯಕ್ಷ ಕೆನೆಡಿಯವರು ಪೀಸ್ ಕೋರ್ ಎಂಬ ಸ್ವಯಂಸೇವಕ ದಳವನ್ನು ಸ್ಥಾಪಿಸಿದರು. ಆ ವರ್ಷದ ಕೊನೆಯಲ್ಲೇ ಅದರ ಮೊದಲ ತಂಡ ಪಂಜಾಬಿಗೆ ಬಂತು. ಮುಂದೆ ನಮ್ಮ ಮೈಸೂರು ರಾಜ್ಯಕ್ಕೂ ತಂಡಗಳು ಬಂದು ಕೋಳಿ ಸಾಕಣೆಯಂಥ ಕೆಲಸಗಳಲ್ಲಿ ತೊಡಗಿದವು. 1976ರಲ್ಲಿ ಭಾರತದಲ್ಲಿ ಆ ಕಾರ್ಯ ಮುಗಿಯಿತು. ಬಂದವರಲ್ಲಿ ಬಹುಮಂದಿ ಆಗತಾನೆ ಕಾಲೇಜು ಬಿಟ್ಟವರು. ಅವರ ಅವಧಿ ಎರಡು ವರ್ಷ. ಎರಡು ವರ್ಷವೆಂದರೆ ರೈತನ ಲೆಕ್ಕದಲ್ಲಿ ಎರಡು ಮುಂಗಾರು. ಒಂದು ನೆಲದ ಗುಣವನ್ನು ತಿಳಿಯಲು ಅದು ಸಾಲದು. ಹೇಳಿದ ಮಾತಿನ ಫಲವನ್ನು ಕಣ್ಣಾರೆ ಕಾಣಲೂ ಸಾಲದು. 1968ರಲ್ಲಿ ಇವಾನ್ ಇಲಿಚ್ ಎಂಬ ಚಿಂತಕ ಮೆಕ್ಸಿಕೋದಲ್ಲಿ ಅಮೆರಿಕದ ಇಂಥ ತರುಣರನ್ನೇ ಎದುರಿಗೆ ಕೂರಿಸಿಕೊಂಡು, ನೋಡಲು ಬನ್ನಿ, ಕಲಿಯಲು ಬನ್ನಿ, ಉದ್ಧಾರ ಮಾಡಲು ಮಾತ್ರ ಬರಬೇಡಿ ಎಂಬರ್ಥದಲ್ಲಿ ಕಟುವಾಗಿ ನುಡಿದ.

ಹಾಗಾದರೆ ನಷ್ಟದಲ್ಲಿ ಪಾಲಿಲ್ಲದವನು ಬಾಯಿ ತೆರೆಯಲೇಬಾರದೆ? ಹಾಗೆಂದುಬಿಟ್ಟರೆ ಜ್ಞಾನ ಊರ ಗಡಿಯನ್ನೇ ದಾಟದು. ಹಾಸನದ ಆಲೂಗಡ್ಡೆಯೇ ದಕ್ಷಿಣ ಅಮೆರಿಕದಿಂದ ಹೊರಟು ಸಮುದ್ರ ದಾಟಿ ಬಂದ ಗಿಡ. ಮಲೆನಾಡಿನ ಅಡಕೆಗೆ ಬರುವ ಕೊಳೆರೋಗದ ಕತೆಯೂ ಇದನ್ನೇ ಹೇಳುತ್ತದೆ. ಮಳೆನೀರು ತಾಗಿದರೆ ಗೊನೆ ಕೊಳೆಯುತ್ತದೆಂದು ನಮ್ಮ ಬೆಳೆಗಾರರಿಗೆ ಗೊತ್ತಿತ್ತು. ಅದಕ್ಕಾಗಿಯೇ ಗೊನೆಗೆ ಕೊಟ್ಟೆ ಕಟ್ಟುತ್ತಿದ್ದರು. ಆದರೆ ಕೊಳೆಯಿಸುವುದು ಕಣ್ಣಿಗೆ ಕಾಣದ ಒಂದು ಶಿಲೀಂಧ್ರವೆಂದು ತೋರಿಸಿ, ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ ಹುಟ್ಟಿದ ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು ಇಲ್ಲಿ ಬಳಕೆಗೆ ತಂದವರು ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್. ಅದೇ ಬೋರ್ಡೋ ದ್ರಾವಣ. ಇಂದಿಗೂ ಮಳೆಗಾಲದಲ್ಲಿ ತೋಟಗಳಿಗೆ ಸಿಂಪಡಿಸುತ್ತಾರೆ. ಕೋಲ್ಮನ್ ಸ್ವಯಂಸೇವಕರಲ್ಲ, ಸಂಬಳದ ಅಧಿಕಾರಿ; 1913ರಲ್ಲಿ ಮೈಸೂರಿನ ಕೃಷಿ ಇಲಾಖೆಯ ನಿರ್ದೇಶಕರಾದವರು. ಆದರೆ ಅವರು ಎರಡು ಮುಂಗಾರು ನೋಡಿ ಹೊರಟುಹೋಗಲಿಲ್ಲ. ವರ್ಷಗಟ್ಟಲೆ ಇದ್ದು, ಪರೀಕ್ಷಿಸಿ, ಆಮೇಲೆ ಹೇಳಿದರು. ಸಂಬಳ ಬೇಡವೆಂದವನಿಗಿಂತ ಸಂಬಳ ಪಡೆದು ನಿಂತವನಿಂದ ಹೆಚ್ಚು ಉಪಕಾರವಾಗಬಹುದೆಂಬುದನ್ನು ನಾವು ಮರೆಯುತ್ತೇವೆ. ತ್ಯಾಗ ದೊಡ್ಡದು, ಆದರೆ ತಾಳ್ಮೆಯ ಕೆಲಸವನ್ನು ತ್ಯಾಗ ಮಾಡಲಾರದು.

ಇನ್ನೊಂದು ವಿಚಾರ. ಹೇಮಾವತಿಯ ದಡದ ಗೊರೂರು ರಾಮಸ್ವಾಮಿ ಅಯ್ಯಂಗಾರರು ಇಳಿವಯಸ್ಸಿನಲ್ಲಿ ಅಮೆರಿಕಕ್ಕೆ ಹೋಗಿ ಬಂದು ‘ಅಮೆರಿಕದಲ್ಲಿ ಗೊರೂರು’ ಬರೆದರು. 1980ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ನಮ್ಮ ಹಳ್ಳಿಗಳನ್ನು ಅಷ್ಟು ಬಲ್ಲ ಆ ಹಿರಿಯರನ್ನು ಅಯೋವಾದ ರೈತರಿಗೆ ಪಾಠ ಹೇಳಲು ಯಾರಾದರೂ ಕಳಿಸುತ್ತಿದ್ದರೆ? ಕಳಿಸುವ ಯೋಚನೆಯೇ ನಮಗೆ ನಗು ತರಿಸುತ್ತದೆ. ಆ ನಗುವಿನಲ್ಲೇ ಸಂಗತಿಯ ಗುಟ್ಟಿದೆ: ಕಲಿಸುವುದು ಉಳ್ಳವರ ಕೆಲಸ, ಕಲಿಯುವುದು ಇಲ್ಲದವರ ಕರ್ಮ ಎಂದು ನಾವೇ ಒಪ್ಪಿಕೊಂಡಿದ್ದೇವೆ.

ಇದನ್ನು ಅಮೆರಿಕದವರ ತಪ್ಪೆಂದು ಓದಿ ಸಮಾಧಾನಪಡುವುದು ಸುಲಭ. ಆದರೆ ಪರದೇಶ ಸಮುದ್ರದಾಚೆಯೇ ಇರಬೇಕೆಂದಿಲ್ಲ. ಪೇಟೆಯಲ್ಲಿ ಓದಿ ಬೆಳೆದವರಿಗೆ ಅದು ಬಸ್ ನಿಲ್ದಾಣದಾಚೆಗೇ ಶುರುವಾಗುತ್ತದೆ. ಹಾಸನದಿಂದ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳು ಮೂವತ್ತು ನಲವತ್ತು ಕಿಲೋಮೀಟರಿನ ಒಳಗೇ ಇವೆ. ಆದರೆ ಮಲೆನಾಡಿನತ್ತ ಮುಖಮಾಡಿದ ಅರಕಲಗೂಡಿನ ಹೊಗೆಸೊಪ್ಪು, ಶುಂಠಿಯ ಹೊಲಕ್ಕೆ ಸರಿಬಂದ ಮಾತು, ಕೆರೆ ತುಂಬಿತೇ ಎಂದು ಮುಗಿಲು ನೋಡುವ ಚನ್ನರಾಯಪಟ್ಟಣದ ತೆಂಗಿನ ತೋಟಕ್ಕೆ ಸಲ್ಲದು. ಹೊಳೆನರಸೀಪುರದ ಹೊಳೆಸಾಲಿನ ಗದ್ದೆಗೆ ಇನ್ನೊಂದೇ ಲೆಕ್ಕ. ಒಂದು ಜಿಲ್ಲೆಯೊಳಗೇ ಹೀಗಾದರೆ ಖಂಡಾಂತರದ ಮಾತೇನು?

ಹಾಸನದ ಬಳಿ ಕಾರೆಕೆರೆಯಲ್ಲಿ ಕೃಷಿ ಕಾಲೇಜಿದೆ. ಕೃಷಿ ಪದವಿಯ ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಕೆಲವು ತಿಂಗಳು ಹಳ್ಳಿಯಲ್ಲೇ ಉಳಿದು ರೈತರೊಡನೆ ಕೆಲಸ ಮಾಡಬೇಕೆಂಬ ಪದ್ಧತಿಯುಂಟು. ಆ ಕಾರ್ಯಕ್ಕೆ ‘ಅನುಭವ’ ಎಂಬ ಹೆಸರನ್ನಿಟ್ಟವರು ತಿಳಿದೇ ಇಟ್ಟಿರಬೇಕು. ಹಳ್ಳಿಗೆ ಹೋದ ವಿದ್ಯಾರ್ಥಿಗೆ ಅಲ್ಲಿಯ ಅಜ್ಜ, ‘ಕೂತ್ಕೊಳಪ್ಪ, ಈ ನೆಲ ನಿಂಗೊತ್ತಿಲ್ಲ’ ಎಂದರೆ ಅದು ಅವಮಾನವಲ್ಲ. ಅವನಿಗೆ ದೊರೆತ ಮೊದಲ ಪಾಠ.

ಹೊರದೇಶಕ್ಕೆ ಹೊರಡುವ ತರುಣ ಹೋಗಬಾರದೆಂದು ನಾನು ಹೇಳಲಾರೆ. ಹೋಗಲಿ, ಆದರೆ ಮೊದಲ ಮಳೆಗಾಲವನ್ನು ಕೇಳುವುದರಲ್ಲಿ ಕಳೆಯಲಿ. ಹೊಸ ಬೀಜವನ್ನು ತಾನು ಗುತ್ತಿಗೆಗೆ ಹಿಡಿದ ತುಂಡು ನೆಲದಲ್ಲಿ, ತನ್ನ ಹಣದಿಂದ ಬಿತ್ತಿ ನೋಡಲಿ. ಬೆಳೆ ಕೆಟ್ಟರೆ ಕೆಟ್ಟಿತೆಂದು ಊರವರ ಮುಂದೆ ಹೇಳಲಿ. ಅಷ್ಟು ಮಾಡಿದವನ ಮಾತನ್ನು ರೈತ ತಾನಾಗಿಯೇ ಬಂದು ಕೇಳುತ್ತಾನೆ. ಅಷ್ಟು ಮಾಡಲು ಬಿಡುವಿಲ್ಲದವನು ದುಡ್ಡು ಕಳಿಸಿದರೆ ಸಾಕು. ಉಪಕಾರ ಅದರಲ್ಲಿ ಕಡಿಮೆಯಾಗದು, ಅಪಾಯ ಮಾತ್ರ ಕಡಿಮೆಯಾಗುತ್ತದೆ.