ಬರೆಸಿಕೊಂಡವರ ಕಡೆಗೊಂದು ಪರದೆ

ಬಿಸಿನೆಸ್ ಇನ್‌ಫರ್ಮೇಶನ್ ಸಿಸ್ಟಮ್ಸ್‌ನಲ್ಲಿ ಮಾಸ್ಟರ್ಸ್ ಮಾಡೋಕೆ ಜರ್ಮನಿಗೆ ಹೊರಟಾಗ ಕೊಟ್ಟೂರಿನ ನಮ್ಮ ದೊಡ್ಡಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲಿ ಏನು ಕಲಿಸ್ತಾರಪಾ?" ಬೆಂಗಳೂರಿನಲ್ಲಿ ಐದು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿದ್ದ ಧೈರ್ಯದಲ್ಲಿ ವಿವರಿಸಿದೆ. ಒಂದು ವ್ಯಾಪಾರದಲ್ಲಿ ಏನು ಬಂತು, ಏನು ಹೋಯ್ತು, ಯಾರು ಎಷ್ಟು ಕೊಡಬೇಕು, ಇದನ್ನೆಲ್ಲ ಕಂಪ್ಯೂಟರಿನಲ್ಲಿ ಹೇಗೆ ಜೋಡಿಸಿಡಬೇಕು, ಅದನ್ನು ನೋಡಿ ನಾಳೆ ಏನು ಮಾಡಬೇಕು ಅಂತ ಹೇಗೆ ತೀರ್ಮಾನಿಸಬೇಕು, ಇಷ್ಟೇ ಅಂದೆ. ದೊಡ್ಡಪ್ಪ ಕನ್ನಡಕ ಒರೆಸಿಕೊಂಡು, "ಅಂದ್ರ ಗುಮಾಸ್ತನ ಕೆಲಸ. ನಾನು ಮೂವತ್ತು ವರ್ಷದಿಂದ ಅದನ್ನ ಮಾಡಾಕತ್ತೀನಿ. ಇಲ್ಲೇ ಕಲಿಸ್ತಿದ್ನೆಲ್ಲೋ" ಅಂದರು.

ಮನೆಯವರೆಲ್ಲ ನಕ್ಕರು. ಎರಡು ವರ್ಷದ ನಂತರ ನನ್ನ ಥೀಸಿಸ್ ನಿಂತಿದ್ದೇ ಅವರ ಪುಸ್ತಕಗಳ ಮೇಲೆ.

ದೊಡ್ಡಪ್ಪ ಕೊಟ್ಟೂರಿನ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತರು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ರೈತರು ಅಲ್ಲಿಗೆ ಮಾಲು ತರುತ್ತಾರೆ. ಬಿತ್ತನೆ ಹೊತ್ತಿಗೆ ಬೀಜ, ಗೊಬ್ಬರಕ್ಕೆ ಅಂತ ಅಂಗಡಿಯಿಂದ ಮುಂಗಡ ತಗೊಳ್ತಾರೆ. ಕೊಯ್ಲಾದ ಮೇಲೆ ಶೇಂಗಾನೋ ಮೆಕ್ಕೆಜೋಳವೋ ಅದೇ ಅಂಗಡಿಗೆ ಹಾಕುತ್ತಾರೆ. ಮುಂಗಡ ಮುರಿದುಕೊಂಡು ಉಳಿದದ್ದನ್ನು ಕೈಗೆ ಕೊಡುತ್ತಾರೆ. ಇದೆಲ್ಲ ಕೆಂಪು ರಟ್ಟಿನ ಖಾತೆ ಪುಸ್ತಕಗಳಲ್ಲಿ ದೊಡ್ಡಪ್ಪನ ಕೈಬರಹದಲ್ಲಿದೆ. ಮಾಲೀಕರನ್ನು ಒಂದು ಮಾತು ಕೇಳಿ, 2012ರಿಂದ 2022ರವರೆಗಿನ ಪುಸ್ತಕಗಳ ಫೋಟೋ ತೆಗೆದುಕೊಂಡು ಹೋದೆ.

ನನ್ನ ಐಡಿಯಾ ಸರಳವಾಗಿತ್ತು. ಸಣ್ಣ ರೈತನಿಗೆ ಬ್ಯಾಂಕ್ ಸುಲಭವಾಗಿ ಸಾಲ ಕೊಡಲ್ಲ, ಯಾಕಂದ್ರೆ ಅವನು ಹಿಂದೆ ಸಾಲ ತೀರಿಸಿದ್ದಕ್ಕೆ ದಾಖಲೆ ಇಲ್ಲ. ಆದರೆ ದಾಖಲೆ ಇದೆ, ದಲಾಲಿ ಅಂಗಡಿಯ ಪುಸ್ತಕದಲ್ಲಿ. ಅದನ್ನು ಡೇಟಾ ಮಾಡಿ, ಯಾರು ಸಾಲ ತೀರಿಸುತ್ತಾರೆ ಅಂತ ಮುಂಚೆಯೇ ಹೇಳುವ ಮಾಡೆಲ್ ಕಟ್ಟಿದರೆ ಆಯ್ತು. ಮೂರು ತಿಂಗಳು ಕೂತು ಟೈಪ್ ಮಾಡಿದೆ. ತಾಲ್ಲೂಕಿನ ಕಾಲಮ್ಮಿಗೇ ಒಂದು ವಾರ ಹೋಯ್ತು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ವಾಪಸ್ ಬಂದು, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿದ ಊರು. ಹೊಲ ಅಲ್ಲೇ ಇತ್ತು, ರೈತನೂ ಅಲ್ಲೇ ಇದ್ದ, ನನ್ನ ಟೇಬಲ್ಲಿನಲ್ಲಿ ಮಾತ್ರ ಅವನು ಮೂರು ಜಿಲ್ಲೆಯ ಮೂರು ಮನುಷ್ಯ ಆಗಿದ್ದ.

ಮೊದಲ ಡ್ರಾಫ್ಟ್ ನೋಡಿದ ನನ್ನ ಗೈಡ್, ಬಹಳ ಮೆದು ಮಾತಿನ ಹೆಂಗಸು, ಮಾಡೆಲ್ ಬಗ್ಗೆ ಏನೂ ಕೇಳಲಿಲ್ಲ. "ಇದರಲ್ಲಿ ಹೆಸರಿರುವವರಿಗೆ ಇದು ನಿಮ್ಮ ಹತ್ತಿರ ಇದೆ ಅಂತ ಗೊತ್ತಾ?" ಅಂದರು.

ನನಗೆ ಸಿಟ್ಟು ಬಂತು. ಜರ್ಮನ್ನರಿಗೆ ಇದೊಂದು ಗೀಳು ಅಂದುಕೊಂಡೆ. ಅದಕ್ಕೊಂದು ಇತಿಹಾಸವೂ ಇದೆ. ಜಗತ್ತಿನ ಮೊದಲ ಡೇಟಾ ರಕ್ಷಣೆ ಕಾನೂನು ಬಂದದ್ದು 1970ರಲ್ಲಿ, ಜರ್ಮನಿಯ ಹೆಸ್ಸೆ ರಾಜ್ಯದಲ್ಲಿ. 1983ರಲ್ಲಿ ಜನಗಣತಿ ವಿಷಯಕ್ಕೆ ಜನ ಕೋರ್ಟಿಗೆ ಹೋದಾಗ, ನನ್ನ ಬಗೆಗಿನ ಮಾಹಿತಿ ಎಲ್ಲಿಗೆ ಹೋಗಬೇಕು ಅಂತ ತೀರ್ಮಾನಿಸುವ ಹಕ್ಕು ನನ್ನದು ಅಂತ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಹೇಳಿತು. ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದು 2017ರ ಆಗಸ್ಟ್ 24ರಂದು. ಆ ಕೇಸು ಹಾಕಿದ್ದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. 2023ರಲ್ಲಿ ಡೇಟಾ ರಕ್ಷಣೆಗೆ ಕಾಯ್ದೆಯೂ ಆಯ್ತು. ಕಾಗದದಲ್ಲಿದ್ದು ಆಮೇಲೆ ಡಿಜಿಟಲ್ ಆದ ಮಾಹಿತಿಗೂ ಅದು ಅನ್ವಯಿಸುತ್ತದೆ, ಅಂದ್ರೆ ನನ್ನ ಫೋನಿನ ಫೋಟೋಗಳಂಥವಕ್ಕೂ. ಸಂಶೋಧನೆಗೆ ಅಂತ ಎರಡೂ ದೇಶದ ಕಾನೂನಿನಲ್ಲಿ ಒಂದಷ್ಟು ವಿನಾಯಿತಿ ಇದೆ. ಹಾಗಾಗಿ ಕಾನೂನಿನಿಂದ ಹೇಗೋ ಪಾರಾಗಬಹುದಿತ್ತು. ಗೈಡ್ ಕೇಳಿದ್ದು ಮಾತ್ರ ಕಾನೂನಿನ ಪ್ರಶ್ನೆಯಾಗಿರಲಿಲ್ಲ.

ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಹೆಸರು ತೆಗೆದು ಸಂಖ್ಯೆ ಹಾಕಿದೆ. ಹೆಸರಿಲ್ಲದ ಮೇಲೆ ಯಾರಿಗೇನು ತೊಂದರೆ?

ಒಂದು ರಾತ್ರಿ ಮಾಡೆಲ್ ಕೊಟ್ಟ ಫಲಿತಾಂಶ ನೋಡ್ತಾ ಕೂತಿದ್ದೆ. ಸಂಖ್ಯೆ 214: ಹೆಚ್ಚಿನ ಅಪಾಯ. ಕೂಡ್ಲಿಗಿ ಕಡೆಯ ಒಂದು ಸಣ್ಣ ಹಳ್ಳಿ, ನಾಲ್ಕು ಎಕರೆ ಶೇಂಗಾ, 2016ರಲ್ಲಿ ಪೂರ್ತಿ ಬಾಕಿ, 2017ರಲ್ಲಿ ಅರ್ಧ, 2018ರಲ್ಲಿ ಮತ್ತೆ ಬಾಕಿ. ಆ ಊರು, ಆ ಬೆಳೆ, ಆ ವರ್ಷಗಳು ಒಟ್ಟಿಗೆ ಕಂಡ ಕೂಡಲೇ ಎದೆ ಧಸಕ್ಕಂತು. ಅದು ನನ್ನ ಗೆಳೆಯನ ಅಪ್ಪ. ಶಾಲೆಯಲ್ಲಿ ಪಕ್ಕದಲ್ಲಿ ಕೂತವನು, 2016ರಲ್ಲಿ ಕಾಲೇಜು ಬಿಟ್ಟು ಮಲೆನಾಡಿನ ಕಾಫಿ ತೋಟಕ್ಕೆ ಕೂಲಿಗೆ ಹೋದವನು. ಯಾಕೆ ಹೋದ ಅಂತ ಆಗ ಅವನು ಹೇಳಿರಲಿಲ್ಲ. ಏಳು ವರ್ಷದ ನಂತರ ಒಂದು ಎಕ್ಸೆಲ್ ಶೀಟು ಹೇಳಿತು.

ಅಮೆರಿಕದ ಲಟಾನ್ಯಾ ಸ್ವೀನಿ ಅನ್ನೋ ಸಂಶೋಧಕಿ 2000ದಲ್ಲಿ ತೋರಿಸಿದ್ದರು: ಹುಟ್ಟಿದ ದಿನ, ಲಿಂಗ, ಪಿನ್‌ಕೋಡ್ ಮೂರು ಸಿಕ್ಕರೆ ಅಲ್ಲಿನ ಸುಮಾರು 87% ಜನರನ್ನು ಒಬ್ಬೊಬ್ಬರಾಗಿ ಗುರುತು ಹಿಡಿಯಬಹುದು ಅಂತ. ಅದನ್ನು ಓದಿ ಪರೀಕ್ಷೆ ಬರೆದು ಪಾಸಾಗಿದ್ದೆ. ಅರ್ಥ ಆಗಿದ್ದು ಆ ರಾತ್ರಿ.

ಇನ್ನೊಂದು ಪಕ್ಷದ ವಾದವನ್ನೂ ಹೇಳಬೇಕು, ಯಾಕಂದ್ರೆ ಅದು ಸಣ್ಣ ವಾದವಲ್ಲ. ಖಾಸಗಿತನ ಅನ್ನೋದು ಹೊಟ್ಟೆ ತುಂಬಿದವರ ಮಾತು ಅಂತ ನನ್ನ ರೂಮ್‌ಮೇಟ್ ವಾದಿಸಿದ. ದಾಖಲೆ ಇಲ್ಲದವನು ಕೊನೆಗೆ ಹೋಗೋದು ನೂರಕ್ಕೆ ತಿಂಗಳಿಗೆ ಎರಡು, ಮೂರು ರೂಪಾಯಿ ಬಡ್ಡಿಯವನ ಹತ್ತಿರ. ದಲಾಲಿ ಅಂಗಡಿಯ ಮುಂಗಡವೂ ಪುಕ್ಕಟೆ ಪ್ರೀತಿಯಲ್ಲ, ಮುಂಗಡ ತಗೊಂಡವನು ಮಾಲನ್ನು ಬೇರೆ ಕಡೆ ಹಾಕುವ ಹಾಗಿಲ್ಲ. ಎಪಿಎಂಸಿಗಳಲ್ಲಿ ಆನ್‌ಲೈನ್ ಹರಾಜು ತರೋಕೆ ರಾಜ್ಯ ಸರ್ಕಾರ 2014ರಲ್ಲಿ ಪಾಲುದಾರಿಕೆಯಲ್ಲಿ ಒಂದು ಕಂಪನಿಯನ್ನೇ ಕಟ್ಟಿತು, ರೈತನ ಮಾಲು ದೂರದ ಖರೀದಿದಾರನಿಗೂ ಕಾಣಲಿ ಅಂತ. ಆದರೆ ಹರಾಜು ಆನ್‌ಲೈನ್ ಆದರೂ ಸಾಲದ ಹಗ್ಗ ಬಿಚ್ಚುವುದಿಲ್ಲ. ನಿನ್ನ ಮಾಡೆಲ್ ಆ ಹಗ್ಗವನ್ನು ಬಿಚ್ಚಬಹುದು, ನೀನು ಒಪ್ಪಿಗೆ ಗಿಪ್ಪಿಗೆ ಅಂತ ಕೂತಿದ್ದೀಯ, ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅದಕ್ಕೇ 2023ರ ಡಿಸೆಂಬರಿನಲ್ಲಿ ಊರಿಗೆ ಬಂದೆ, ಬರೆಸಿಕೊಂಡವರನ್ನೇ ಕೇಳೋಣ ಅಂತ.

ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದ್ದರು. ಸಾಲದ ಮಾತೆತ್ತೋಕೆ ಅದಕ್ಕಿಂತ ಕೆಟ್ಟ ಕಾಲ ಇರಲಿಲ್ಲ. ಬೈಕಿನ ಹಿಂದೆ ದೊಡ್ಡಪ್ಪನನ್ನು ಕೂರಿಸಿಕೊಂಡು ಊರೂರು ಸುತ್ತಿದೆ.

ಹರಪನಹಳ್ಳಿ ಕಡೆಯ ಒಬ್ಬರು, "ತಗೊಳಪ್ಪ, ನನ್ನ ಸಾಲ ಊರಿಗೆಲ್ಲ ಗೊತ್ತೈತಿ, ಜರ್ಮನಿಗೂ ಗೊತ್ತಾಗ್ಲಿ" ಅಂತ ನಕ್ಕರು. ಹಗರಿಬೊಮ್ಮನಹಳ್ಳಿ ಹತ್ತಿರದ ಇನ್ನೊಬ್ಬರು, "ಇದರಿಂದ ಬ್ಯಾಂಕಿನೋರು ಸಾಲ ಕೊಡ್ತಾರೇನು?" ಅಂದರು. ಕೊಡಬಹುದು ಅಂದೆ. "ಕೊಡಬಹುದು ಅಂದ್ರ ಕೊಡದೇನೂ ಇರಬಹುದು, ಅಲ್ಲನು?" ಅಂತ ಎಲೆಯಡಿಕೆ ಹಾಕಿಕೊಂಡರು.

ಹಡಗಲಿ ಹತ್ತಿರ ಮಲ್ಲಿಗೆ ತೋಟ ಮಾಡುವ ಒಬ್ಬ ಅಮ್ಮ ನನ್ನ ಲ್ಯಾಪ್‌ಟಾಪ್ ನೋಡಿ, "ನಮ್ಮ ಮನೆಯವ್ರದು ಏನಂತ ಬರ್ದೈತಿ, ಓದು" ಅಂದರು. ಗಂಡ ತೀರಿಹೋಗಿದ್ದರು. ಓದಿದೆ. ಬಾಕಿ ಅಂತಿತ್ತು. ಆಯಮ್ಮ ಕೂತಲ್ಲಿಂದ ಎದ್ದರು. "ಬಾಕಿ ಅಂತ ಹೆಂಗ ಬರೀತಿ? ಅವ್ರು ಹೋದ ಮ್ಯಾಲ ಹೂವು ಮಾರಿ ಮಾರಿ ಎರಡು ವರ್ಷದಾಗ ತೀರಿಸೀನಿ. ಕೇಳು ನಿಮ್ಮ ದೊಡ್ಡಪ್ಪನ್ನ." ದೊಡ್ಡಪ್ಪ ತಲೆ ಹಾಕಿದರು. ಹೌದು, ತೀರಿದೆ. ಆದರೆ ಜಮೆ ಆಗಿದ್ದು ಬೇರೆ ಪುಸ್ತಕದಲ್ಲಿ, ಆಯಮ್ಮನ ಹೆಸರಿನಲ್ಲಿ. ಗಂಡನ ಖಾತೆ ಮುಚ್ಚಿರಲಿಲ್ಲ. "ನಂಗ ಗೊತ್ತಿತ್ತಲ್ಲ, ಮತ್ತ್ಯಾಕ ಬರೀಬೇಕು?" ಅಂದರು ದೊಡ್ಡಪ್ಪ. ನನ್ನ ಮಾಡೆಲ್ಲಿಗೆ ಗೊತ್ತಿರಲಿಲ್ಲ. ಅದರ ಪ್ರಕಾರ ಸತ್ತ ಮನುಷ್ಯ ಸಾಲ ಮುಳುಗಿಸಿದವನು, ಆಯಮ್ಮ ಎಲ್ಲಿಂದಲೋ ಬಂದು ಯಾವುದೋ ಸಾಲ ಕಟ್ಟಿದವಳು. ಅವರ ಸಂಬಂಧಕ್ಕೆ ನನ್ನ ಟೇಬಲ್ಲಿನಲ್ಲಿ ಕಾಲಮ್ಮೇ ಇರಲಿಲ್ಲ.

ಹಾಗೇ ಹಾಳೆಗಳ ಅಂಚಿನಲ್ಲಿ ಅಲ್ಲಲ್ಲಿ ಪೆನ್ಸಿಲ್ ಚುಕ್ಕೆಗಳಿದ್ದವು. ಕೊಳೆ ಅಂತ ಬಿಟ್ಟಿದ್ದೆ. ದಾರಿಯಲ್ಲಿ ಕೇಳಿದಾಗ ದೊಡ್ಡಪ್ಪ ಹೇಳಿದರು: ಒಂದು ಚುಕ್ಕೆ ಅಂದ್ರೆ ಈ ವರ್ಷ ಕೇಳಬಾರದು. ಮನೆಯಲ್ಲಿ ಸಾವಾಗಿರುತ್ತೆ, ಮಗಳ ಮದುವೆ ಇರುತ್ತೆ, ಬೋರು ಬತ್ತಿರುತ್ತೆ. 214ರ ಎದುರು 2016ರಲ್ಲೂ ಚುಕ್ಕೆ ಇತ್ತು, 2018ರಲ್ಲೂ ಇತ್ತು.

ಕೊನೆಗೆ ಆ ಮನೆಗೂ ಹೋದೆ. ಗೆಳೆಯನ ಅಪ್ಪ ಚಹಾ ಕೊಡಿಸಿ, ಪೂರ್ತಿ ಕೇಳಿಸಿಕೊಂಡು, "ಬ್ಯಾಡ ತಮ್ಮಾ" ಅಂದರು. "ಆ ವರ್ಷ ನಿಮ್ಮ ದೊಡ್ಡಪ್ಪನ ಮುಂದ ತಲೆ ತಗ್ಗಿಸಿ ನಿಂತಿದ್ದೆ. ಅವ್ರು ಇವತ್ತಿನ ತನಕ ಅದನ್ನ ಯಾರ ಮುಂದೂ ಆಡಿಲ್ಲ. ಗುರ್ತಿಲ್ಲದವ್ರ ಮುಂದ ನಾನ್ಯಾಕ ಮತ್ತೊಂದ್ಸಲ ನಿಂದರಬೇಕು?"

ವಾಪಸ್ ಬರುವಾಗ ದೊಡ್ಡಪ್ಪನನ್ನು ಕೇಳಿದೆ, ಅವರು ಸಾಲ ಇದ್ದಾಗ ಬೇರೆ ಅಂಗಡಿಗೆ ಮಾಲು ಹಾಕಿದ್ದರೆ? ಬಹಳ ದೂರ ಸುಮ್ಮನಿದ್ದು, "ಮಾಲೀಕ ಬಿಡ್ತಿರಲಿಲ್ಲ" ಅಂದರು. ರೂಮ್‌ಮೇಟ್ ಹೇಳಿದ್ದ ಹಗ್ಗ ನಿಜವಾಗಿಯೂ ಇದೆ. ಹಳೇ ಪುಸ್ತಕ ಒಳ್ಳೇದು, ಕಂಪ್ಯೂಟರ್ ಕೆಟ್ಟದ್ದು ಅಂತ ನಾನು ಬರೆದರೆ ಅದು ಸುಳ್ಳಾಗುತ್ತೆ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಪ್ರತಿ ವರ್ಷ ಕಾರ್ಣಿಕ ಆಗುತ್ತೆ. ಗೊರವಯ್ಯ ಬಿಲ್ಲನ್ನೇರಿ ಒಂದೇ ಸಾಲು ನುಡಿಯುತ್ತಾನೆ. ಮಳೆ ಬೆಳೆ ಹೇಗೆ, ರಾಜಕೀಯ ಏನಾಗುತ್ತೆ ಅಂತ ಜನ ಅದರಿಂದ ಅರ್ಥ ತೆಗೆಯುತ್ತಾರೆ. ನಾನು ಅದನ್ನು ನಂಬುತ್ತೀನೋ ಇಲ್ಲವೋ ಬೇರೆ ಮಾತು. ಆದರೆ ಆ ನುಡಿ ಸಾವಿರಾರು ಜನರ ಎದುರು ಆಗುತ್ತೆ. ಆಮೇಲೆ ಚಹಾದಂಗಡಿಯಲ್ಲಿ ಯಾರು ಬೇಕಾದರೂ ಅದರ ಮೇಲೆ ಜಗಳ ಆಡಬಹುದು. ನನ್ನ ಮಾಡೆಲ್ಲೂ ಭವಿಷ್ಯ ನುಡಿಯುತ್ತೆ, ಸಾಲ ಕೊಡುವವನ ಕಿವಿಯಲ್ಲಿ ಮಾತ್ರ. ಯಾರ ಭವಿಷ್ಯವೋ ಅವನಿಗೇ ಕೇಳಿಸಲ್ಲ.

ಕಂಪ್ಯೂಟರಿನಲ್ಲಿ ಅದು ಆಗೋದೇ ಇಲ್ಲ ಅಂತಲ್ಲ. 2000ದ ಆಸುಪಾಸಿನಲ್ಲಿ ನಮ್ಮ ರಾಜ್ಯದ 'ಭೂಮಿ' ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿತು. ಅದಕ್ಕೂ ಮುಂಚೆ ಪಹಣಿ ಇರುತ್ತಿದ್ದುದು ಗ್ರಾಮಲೆಕ್ಕಿಗರ ಕೈಯಲ್ಲಿ. ಭೂಮಿ ಕೇಂದ್ರದ ವಿನ್ಯಾಸದಲ್ಲಿ ಒಂದು ಸಣ್ಣ ವಿಷಯವಿತ್ತು. ಕೌಂಟರಿನಲ್ಲಿ ಎರಡನೇ ಪರದೆ, ರೈತನ ಕಡೆಗೆ ತಿರುಗಿಸಿದ್ದು. ಒಳಗೆ ಕೂತವರು ಏನು ನೋಡ್ತಿದ್ದಾರೋ ಅದನ್ನು ಹೊರಗೆ ನಿಂತವನೂ ನೋಡಲಿ ಅಂತ. ನಾನು ಓದಿದ ಮಾಸ್ಟರ್ಸ್‌ನ ಎಲ್ಲ ಪಾಠಗಳಿಗಿಂತ ಆ ಎರಡನೇ ಪರದೆ ದೊಡ್ಡ ಪಾಠ ಅಂತ ಈಗ ಅನ್ನಿಸುತ್ತೆ. ಬರೆಯುವುದರಲ್ಲಿ ತಪ್ಪಿಲ್ಲ. ಬರೆಸಿಕೊಂಡವನು ಅದನ್ನು ನೋಡಿ, ಆ ಹಡಗಲಿ ಅಮ್ಮನ ಹಾಗೆ ಎದ್ದು ನಿಂತು "ಹೆಂಗ ಬರೀತಿ?" ಅಂತ ಕೇಳೋಕೆ ಜಾಗ ಇಲ್ಲದಿದ್ದರೆ, ಆ ಬರಹ ಎಷ್ಟೇ ನಿಖರವಾಗಿದ್ದರೂ ಅದು ಅನ್ಯಾಯ.

2024ರಲ್ಲಿ ಥೀಸಿಸ್ ಕೊಟ್ಟೆ. ಒಪ್ಪಿದವರ ಡೇಟಾ ಮಾತ್ರ ಉಳಿಸಿಕೊಂಡೆ. ಉಳಿದ ಫೋಟೋಗಳನ್ನು ಅಳಿಸಿದೆ, 214ರದ್ದೂ. ಮಾಡೆಲ್ ಸೊರಗಿತು, ಗ್ರೇಡೂ ಅಂದುಕೊಂಡಷ್ಟು ಬರಲಿಲ್ಲ. ಗೆಳೆಯನ ಅಪ್ಪನಿಗೆ ಇವತ್ತಿಗೂ ಬ್ಯಾಂಕ್ ಸಾಲ ಸಿಕ್ಕಿಲ್ಲ, ನನ್ನ ಸದ್ಗುಣದಿಂದ ಅವರಿಗೆ ನಯಾಪೈಸೆ ಲಾಭ ಆಗಿಲ್ಲ. ಅದು ಚುಚ್ಚುತ್ತಲೇ ಇದೆ.

ಈಗ ಬೆಂಗಳೂರಿನಲ್ಲಿ, ನಿಮ್ಮಲ್ಲಿ ಬಹಳ ಜನ ಮಾಡುವಂಥದೇ ಕೆಲಸ. ಐದು ನಿಮಿಷದಲ್ಲಿ ಸಾಲ ಕೊಡುವ ಅಥವಾ ಇಲ್ಲ ಅನ್ನುವ ಆ್ಯಪ್. ಇಲ್ಲ ಅಂದಾಗ ಯಾಕೆ ಇಲ್ಲ, ನಿಮ್ಮ ಬಗ್ಗೆ ನಮ್ಮ ಹತ್ತಿರ ಏನು ಬರೆದಿದೆ, ತಪ್ಪಿದ್ದರೆ ಎಲ್ಲಿ ಹೇಳಬೇಕು ಅಂತ ತೋರಿಸುವ ಒಂದು ಪುಟ ಬೇಕು ಅಂತ ಮೀಟಿಂಗಿನಲ್ಲಿ ಹೇಳಿದೆ. ಯಾರೂ ಬೇಡ ಅನ್ನಲಿಲ್ಲ. ಮೂರು ಸ್ಪ್ರಿಂಟ್‌ಗಳಿಂದ ಅದು ಬ್ಯಾಕ್‌ಲಾಗಿನಲ್ಲಿದೆ. ಭಾನುವಾರ ಫೋನ್ ಮಾಡಿದಾಗ ದೊಡ್ಡಪ್ಪ ಮರೆಯದೆ ಕೇಳ್ತಾರೆ, "ಆ ಹಾಳಿ ಆತೇನೋ?" ಇನ್ನೂ ಇಲ್ಲ ದೊಡ್ಡಪ್ಪ, ಅಂತೀನಿ. "ಚುಕ್ಕಿ ಇಟ್ಕೊ" ಅಂತಾರೆ.