ಉಪಕರಣಕ್ಕೆ ಎಲ್ಲೆ ಎಲ್ಲಿ?

ಹೊನ್ನಿನ ಆಸೆಯನ್ನಾಗಲಿ ಮಣ್ಣಿನ ಆಸೆಯನ್ನಾಗಲಿ ಮನುಷ್ಯನು ತನ್ನಲ್ಲಿ ತಾನೇ ಗುರುತಿಸಿಕೊಳ್ಳುವುದು ಅಷ್ಟೊಂದು ಕಷ್ಟವಲ್ಲ. ಅವು ತಮ್ಮ ಹೆಸರನ್ನು ತಾವೇ ಹೇಳಿಕೊಂಡು ಬರುತ್ತವೆ. ದುಡಿಮೆಯ ಉಪಕರಣದ ಮೇಲಿನ ಆಸೆಯು ಹಾಗಲ್ಲ. ಅದು ಕರ್ತವ್ಯದ ಉಡುಗೆಯನ್ನುಟ್ಟು ಬರುತ್ತದೆ. "ನನಗಾಗಿ ಅಲ್ಲ, ನನ್ನ ಕೆಲಸಕ್ಕಾಗಿ" ಎಂಬ ಮಾತನ್ನು ಬಾಗಿಲಲ್ಲಿಯೇ ಆಡಿಬಿಡುವುದರಿಂದ ಮನೆಯ ಹಿರಿಯರು ಅದನ್ನು ತಡೆದು ವಿಚಾರಿಸುವುದಿಲ್ಲ. ಆಸೆಪಟ್ಟವನ ಮನಸ್ಸೂ ವಿಚಾರಿಸುವುದಿಲ್ಲ. ಈ ಪ್ರಶ್ನೆಯು ಈಚೆಗೆ ನಮ್ಮ ಮನೆಯಲ್ಲಿಯೇ ಒಂದು ಕಂಪ್ಯೂಟರಿನ ಪರದೆಯ ನಿಮಿತ್ತವಾಗಿ ಎದ್ದಿತು. ಗೃಹಸ್ಥರಾದ ಓದುಗ ಬಂಧುಗಳಲ್ಲಿ ಹಲವರಿಗೆ ಇಂಥ ಪ್ರಸಂಗ ಒದಗಿರಬಹುದಾದುದರಿಂದ ಮನೆಯ ಮಾತನ್ನು ಇಲ್ಲಿ ಬರೆಯಲು ಸಂಕೋಚಪಡುವುದಿಲ್ಲ.

2020ನೆಯ ಇಸವಿಯ ಮಾರ್ಚಿನಲ್ಲಿ ದೇಶವೆಲ್ಲ ಬಾಗಿಲಿಕ್ಕಿಕೊಂಡಾಗ ನನ್ನ ಮಗನ ಕಚೇರಿಯು ನಮ್ಮ ಪಡಸಾಲೆಯ ಪಕ್ಕದ ಕೋಣೆಗೆ ಬಂದಿತು. ಇಂದಿಗೂ ವಾರದಲ್ಲಿ ಹೆಚ್ಚಿನ ದಿನಗಳು ಅವನು ಅಲ್ಲಿಯೇ ಕುಳಿತು ಲೆಕ್ಕಪತ್ರಗಳ ಕೆಲಸವನ್ನು ಮಾಡುತ್ತಾನೆ. ಅವನ ಮೇಜಿನ ಮೇಲೆ 24 ಇಂಚಿನ ಸಾಧಾರಣ ಮಾನಿಟರು ಇದ್ದಿತು. ಅದನ್ನು ತೆಗೆದು, ಆಪಲ್ ಕಂಪನಿಯು 2022ರಲ್ಲಿ ಹೊರತಂದ ಸ್ಟುಡಿಯೋ ಡಿಸ್‌ಪ್ಲೇ ಎಂಬ 27 ಇಂಚಿನ ಮಾನಿಟರನ್ನು ಕೊಳ್ಳಬೇಕೆಂದು ಅವನಿಗೆ ಮನಸ್ಸಾಯಿತು. ನಮ್ಮ ದೇಶದ ಮಾರುಕಟ್ಟೆಗೆ ಬಂದಾಗ ಅದರ ಆರಂಭದ ಬೆಲೆ 1,59,900 ರೂಪಾಯಿ. ನಾನು ಹುಬ್ಬೇರಿಸಿದುದನ್ನು ಕಂಡು ಅವನು, "ಅಪ್ಪಾಜಿ, ದಿನಕ್ಕೆ ಒಂಬತ್ತು ತಾಸು ಇದರ ಮುಂದೆ ಕೂಡ್ರುತ್ತೇನೆ. ಸಂಜೆಗೆ ಕಣ್ಣು ಉರಿಯುತ್ತವೆ. ರೈತನಿಗೆ ನೇಗಿಲು ಹೇಗೋ ನನಗೆ ಇದು ಹಾಗೆ" ಎಂದನು. ನೇಗಿಲಿನ ಹೋಲಿಕೆ ನನಗೆ ಬಹಳ ಹಿಡಿಸಿತು. ಹೂಂ ಎಂದುಬಿಟ್ಟೆನು.

ಆ ಒಪ್ಪಿಗೆಯಲ್ಲಿ ಅರ್ಧ ನಿಜವಿದ್ದಿತು. ಕಾಯಕಕ್ಕೆ ಹಿರಿಮೆಯನ್ನು ತಂದ ಶರಣರು ಕೈಯ ಕಸುಬನ್ನೇ ಹೆಸರಿಗೆ ಸೇರಿಸಿಕೊಂಡು ಬಾಳಿದವರು. ನುಲಿಯ ಚಂದಯ್ಯನು ಹಗ್ಗವನ್ನು ಹೊಸೆದನು, ಮೇದಾರ ಕೇತಯ್ಯನು ಬಿದಿರಿನ ಕೆಲಸವನ್ನು ಮಾಡಿದನು. ಹರಿತವಿಲ್ಲದ ಕತ್ತಿಯಿಂದ ಬಿದಿರನ್ನು ಸೀಳುವವನು ಬಿದಿರನ್ನೂ ಕೆಡಿಸುತ್ತಾನೆ, ಬೆರಳನ್ನೂ ಕೆಡಿಸಿಕೊಳ್ಳುತ್ತಾನೆ. ಮೊಂಡಾದ ಉಪಕರಣವನ್ನು ಇಟ್ಟುಕೊಂಡು ಅದನ್ನೇ ವೈರಾಗ್ಯವೆಂದು ಹೇಳಿಕೊಳ್ಳುವುದು ಜಿಪುಣತನವಲ್ಲದೆ ಬೇರೆಯಲ್ಲ. ನಮ್ಮಲ್ಲಿ ಈ ಬಗೆಯ ವೈರಾಗ್ಯವು ಹೆಚ್ಚಾಗಿ ಮತ್ತೊಬ್ಬರ ಉಪಕರಣದ ವಿಷಯದಲ್ಲಿಯೇ ಪ್ರಕಟವಾಗುವುದುಂಟು. ಈ ಕೊನೆಯ ಮಾತು ನನಗೇ ತಗಲುವುದೆಂದು ಆಗ ನಾನು ಅರಿಯದೆ ಹೋದೆನು.

ನನ್ನ ಸೊಸೆಯು ಪ್ರಕಾಶಕರೊಬ್ಬರಿಗಾಗಿ ಮನೆಯಲ್ಲಿ ಕುಳಿತೇ ಕನ್ನಡ ಪುಸ್ತಕಗಳ ಕರಡನ್ನು ತಿದ್ದುತ್ತಾಳೆ. ಆಕೆಯ ಕಚೇರಿಯೆಂದರೆ ಊಟದ ಮೇಜು. ಎಲೆ ಹಾಕುವ ಹೊತ್ತಿಗೆ ಕಚೇರಿಯನ್ನು ಎತ್ತಿಡಬೇಕು. ಉಪಕರಣವೆಂದರೆ ಗಂಡನು ಬಿಟ್ಟುಕೊಟ್ಟ ಹಳೆಯ ಲ್ಯಾಪ್‌ಟಾಪು, 15.6 ಇಂಚಿನ ಪರದೆ, ಅಡ್ಡಕ್ಕೆ 1366 ಚುಕ್ಕೆ, ಉದ್ದಕ್ಕೆ 768. ಒಂದು ಮಧ್ಯಾಹ್ನ ಆಕೆ, "ಮಾವನವರೇ, ಇಲ್ಲಿ ದನವೋ ಧನವೋ ಸ್ವಲ್ಪ ನೋಡಿ ಹೇಳುವಿರಾ?" ಎಂದು ಕರೆದಳು. ಕನ್ನಡಕವನ್ನು ಏರಿಸಿ ಇಳಿಸಿ ನೋಡಿದರೂ ನನಗೆ ತಿಳಿಯಲಿಲ್ಲ. ದಕಾರಕ್ಕೂ ಧಕಾರಕ್ಕೂ ಇರುವ ಅಂತರವು ಕೆಳಗಿನ ಒಂದು ಕಿರುಗೀಟು ಮಾತ್ರ. ಆ ಪರದೆಯ ಒರಟು ಚುಕ್ಕೆಗಳಲ್ಲಿ ಗೀಟು ಕರಗಿಹೋಗಿದ್ದಿತು. ರಾಷ್ಟ್ರ, ಶಾಸ್ತ್ರ ಮುಂತಾದ ಶಬ್ದಗಳಲ್ಲಿ ಒಂದರ ಕೆಳಗೊಂದು ಸೇರುವ ಒತ್ತಕ್ಷರಗಳಂತೂ ಇರುವೆಯ ಗುಂಪಿನಂತೆ ಕಾಣುತ್ತಿದ್ದವು. ಅಕ್ಷರವನ್ನು ದೊಡ್ಡದು ಮಾಡಿದರೆ ಸಾಲು ಪರದೆಯಾಚೆಗೆ ಓಡುವುದು. ಆಕೆ ದಿನವೂ ಐದಾರು ತಾಸು ಹೀಗೆ ಕತ್ತು ಬಗ್ಗಿಸಿ ಕುಳಿತು ಕೆಲಸವನ್ನು ಮಾಡುತ್ತಿದ್ದಳು. ನೇಗಿಲಿನ ಹೋಲಿಕೆಯನ್ನು ಆಕೆ ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಆ ರಾತ್ರಿ ಮಗನನ್ನು ಕರೆದು ಕೂಡ್ರಿಸಿಕೊಂಡು ಒಂದು ಲೆಕ್ಕವನ್ನು ಮಾಡಿದೆವು. ಲೆಕ್ಕವು ಅವನ ಕಸುಬಲ್ಲವೆ? ದೋಷವಿಲ್ಲದ ಸಾಮಾನ್ಯ ಕಣ್ಣು ಒಂದು ಡಿಗ್ರಿಯ ಅರವತ್ತನೆಯ ಒಂದು ಪಾಲಿನಷ್ಟು ಅಂತರವನ್ನು ಬೇರ್ಪಡಿಸಿ ಕಾಣಬಲ್ಲುದು; ಕಣ್ಣಿನ ವೈದ್ಯರು 6/6 ಎಂದು ಬರೆಯುವ ದೃಷ್ಟಿಯ ಅಳತೆಯು ಇದೇ. ಮೇಜಿನ ಮುಂದೆ ಕುಳಿತವನಿಗೆ ಪರದೆಯು ಸುಮಾರು 60 ಸೆಂಟಿಮೀಟರು ದೂರದಲ್ಲಿರುವುದು. ಆ ದೂರದಲ್ಲಿ ಈ ಅಂತರವು 0.17 ಮಿಲಿಮೀಟರಿಗೆ ಸಮನಾಗುವುದು. ಸೊಸೆಯ ಲ್ಯಾಪ್‌ಟಾಪಿನಲ್ಲಿ ಚುಕ್ಕೆಯಿಂದ ಚುಕ್ಕೆಗೆ 0.25 ಮಿಲಿಮೀಟರು, ಮಗನ ಹಳೆಯ ಮಾನಿಟರಿನಲ್ಲಿ 0.28. ಇವೆರಡರಲ್ಲಿಯೂ ಕಣ್ಣು ಚುಕ್ಕೆಗಳ ಒರಟನ್ನು ಕಾಣುತ್ತದೆ. 4ಕೆ ಎಂದು ಕರೆಯುವ, 3840 ಅಡ್ಡ 2160 ಚುಕ್ಕೆಗಳ 27 ಇಂಚಿನ ಪರದೆಯಲ್ಲಿ ಅದು 0.16ಕ್ಕೆ ಇಳಿಯುತ್ತದೆ; ಅಂದರೆ ಕಣ್ಣಿನ ಎಲ್ಲೆಯೊಳಗೆ ಬಂದಿತು. ಮಗನು ಬಯಸಿದ ಪರದೆಯಲ್ಲಿ 0.12. ಆ ಕೊನೆಯ ನಯವನ್ನು ಹೆಚ್ಚಿನವರ ಕಣ್ಣು ಆ ದೂರದಿಂದ ಕಾಣುವುದೇ ಕಷ್ಟ. ಕೆಲವರ ದೃಷ್ಟಿ ಇನ್ನೂ ಚುರುಕಾಗಿರಬಹುದು, ಚಿತ್ರಗಳನ್ನು ಅಚ್ಚಿಗೆ ಸಿದ್ಧಪಡಿಸುವವರಿಗೆ ಬಣ್ಣದ ನಿಖರತೆ ಬೇಕಾಗಬಹುದು. ಅಂಥವರು ಕೊಳ್ಳಲಿ, ಅದು ಅವರ ಕಾಯಕದ ಬೇಡಿಕೆ. ಜಮಾಖರ್ಚಿನ ಅಂಕಿಗಳಿಗೆ ಅದರ ಬೇಡಿಕೆಯಿಲ್ಲ.

ಮನಸ್ಸಿಗೆ ಸಾಕೆಂಬುದಿಲ್ಲವೆಂದು ನಾವು ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಕಣ್ಣಿಗೆ ಸಾಕೆಂಬುದು ಇದೆಯೆಂಬುದೂ ಅದನ್ನು ಅಳತೆಗೋಲಿನಿಂದ ತೋರಿಸಬಹುದೆಂಬುದೂ ನನಗೆ ಹೊಸದಾಗಿದ್ದಿತು. ಕಣ್ಣಿನ ಎಲ್ಲೆಯಿಂದಾಚೆಗೆ ಕೊಟ್ಟ ಹಣವು ಯಾರ ಸಲುವಾಗಿ? ಮಗನು ಪ್ರಾಮಾಣಿಕನು. ವಿಡಿಯೋ ಸಭೆಗಳಲ್ಲಿ ಜೊತೆಗಾರರ ಮೇಜುಗಳ ಮೇಲೆ ಅದನ್ನು ನೋಡಿದ್ದೆನೆಂದು ಒಪ್ಪಿಕೊಂಡನು. ಇಂಥ ಆಸೆಗೆ ತಳವಿಲ್ಲವೆಂಬುದಕ್ಕೆ ಅವನೇ ಒಂದು ಸಂಗತಿಯನ್ನು ಹೇಳಿದನು: ಅದೇ ಕಂಪನಿಯು 2019ರ ಜೂನಿನಲ್ಲಿ ಪ್ರಕಟಿಸಿದ 32 ಇಂಚಿನ ಮಾನಿಟರಿಗೆ 4,999 ಡಾಲರು, ಅದನ್ನು ನಿಲ್ಲಿಸುವ ಕಾಲಿಗೆ ಬೇರೆಯಾಗಿ 999 ಡಾಲರು!

ಇನ್ನು ಕಣ್ಣುರಿಯ ಮಾತು. ಅದನ್ನು ಸುಳ್ಳೆನ್ನಲಾರೆ. ಆದರೆ ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಬಾರಿ ಮಿಟುಕುವ ರೆಪ್ಪೆಯು ಪರದೆಯ ಮುಂದೆ ಅದರ ಅರ್ಧಕ್ಕೋ ಇನ್ನೂ ಕಡಿಮೆಗೋ ಇಳಿಯುವುದರಿಂದ ಕಣ್ಣು ಒಣಗುತ್ತದೆಂದು ನೇತ್ರತಜ್ಞರು ಹೇಳುತ್ತಾರೆ. ಅವರು ಹೇಳುವ ಉಪಾಯಕ್ಕೆ ದುಡ್ಡಿಲ್ಲ: 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವುದು, ಪರದೆಯ ಮೇಲಂಚು ಕಣ್ಣಿನ ಮಟ್ಟವನ್ನು ಮೀರದಂತೆ ಇಡುವುದು, ಕಿಟಕಿಯ ಬೆಳಕು ಅದರ ಮೇಲೆ ನೇರವಾಗಿ ಬೀಳದಂತೆ ನೋಡಿಕೊಳ್ಳುವುದು. ಒಂಬತ್ತು ತಾಸು ನಡುವೆ ಏಳದೆ ದುಡಿಯುವವನಿಗೆ ಬೇಕಾದುದು ವಿಶ್ರಾಂತಿ. ಅದನ್ನು ಕೇಳುವ ಧೈರ್ಯ ಸಾಲದೆ ಅವನು ಒಂದೂವರೆ ಲಕ್ಷಕ್ಕೂ ಮಿಕ್ಕಿದ ವಸ್ತುವನ್ನು ಕೇಳುತ್ತಿದ್ದನೇನೋ ಎಂದು ನನಗೆ ಅನಿಸಿತು. ತಂದೆಯಾದ ನನಗೆ ಇದು ಅವನ ಆಸೆಗಿಂತ ಹೆಚ್ಚು ನೋವಿನ ಸಂಗತಿಯಾಯಿತು.

ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಮಿಕ್ಕುದನ್ನು ಹಿಂದಿರುಗಿಸಿ ಬರಲು ಹೇಳಿದ ಪ್ರಸಂಗವು ಎಲ್ಲರಿಗೂ ತಿಳಿದುದೇ. ಇದನ್ನು ಓದುವಾಗ ನಾವು ಸಾಮಾನ್ಯವಾಗಿ ಆಸೆಯ ಖಂಡನೆಯನ್ನಷ್ಟೇ ಗಮನಿಸುತ್ತೇವೆ. ಆ ಮನೆಯಲ್ಲಿ ಸಾಕೆಂಬುದನ್ನು ಅಳೆದವಳು ಹೆಂಡತಿಯೆಂಬುದನ್ನು ಮರೆಯುತ್ತೇವೆ. ಎಷ್ಟು ಅಕ್ಕಿ ಬೇಯುತ್ತದೆಂಬುದು ಆಕೆಗೆ ಗೊತ್ತಿದ್ದಿತು. ನಮ್ಮ ಮನೆಯಲ್ಲಿ ಮಾತುಕತೆಯೆಲ್ಲ ತಂದೆಮಕ್ಕಳ ನಡುವೆಯೇ ನಡೆದು, ಸೊಸೆಯನ್ನು ಕೇಳಬೇಕೆಂಬುದು ಇಬ್ಬರಿಗೂ ಹೊಳೆದಿರಲಿಲ್ಲ. "ಅವನು ದುಡಿದ ಹಣ, ಅವನು ಖರ್ಚು ಮಾಡಿದರೆ ತಪ್ಪೇನು?" ಎಂದು ಕೆಲವರು ಕೇಳಬಹುದು. ಗಳಿಕೆಯು ಹೆಚ್ಚಿದವನ ಕೆಲಸವೇ ಹೆಚ್ಚಿನದೆಂದು ಒಪ್ಪಿದರೆ ಆ ಪ್ರಶ್ನೆಗೆ ಉತ್ತರವಿಲ್ಲ. ಒಪ್ಪದವರ ಮನೆಯಲ್ಲಿ ಉಪಕರಣವನ್ನು ಸಂಬಳ ನೋಡಿ ಹಂಚಲಾಗದು.

ಕಡೆಗೆ 27 ಇಂಚಿನ 4ಕೆ ಮಾನಿಟರನ್ನು ತಂದೆವು. ಮೊದಲು ಎಣಿಸಿದ್ದ ಬೆಲೆಯ ನಾಲ್ಕರಲ್ಲೊಂದು ಪಾಲೂ ಆಗಲಿಲ್ಲ. ಅದು ಈಗ ಕಿಟಕಿಗೆ ಪಕ್ಕವಾಗಿ, ಸೊಸೆಗೆಂದು ಹಾಕಿದ ಬೇರೊಂದು ಮೇಜಿನ ಮೇಲಿದೆ. ಮೊದಲ ದಿನ ಆಕೆ ಹಳೆಯ ಕರಡಿನ ಆ ಪುಟವನ್ನು ತೆರೆದು ನನ್ನನ್ನು ಕರೆದಳು. ಅದು ಧನವೇ ಆಗಿದ್ದಿತು. ಮಗನು ತನ್ನ ಹಳೆಯ ಮಾನಿಟರನ್ನು ಎರಡು ದಪ್ಪ ಪುಸ್ತಕಗಳ ಮೇಲೆ ಎತ್ತರಿಸಿಕೊಂಡಿದ್ದಾನೆ. ಮಧ್ಯಾಹ್ನ ಎದ್ದು ಹಿತ್ತಲಿನ ತೆಂಗಿನ ಮರದ ತುದಿಯನ್ನು ನೋಡಿ ಬರುತ್ತಾನೆ. ಅವನ ಆಸೆಯು ಹೋಗಿದೆಯೆಂದು ನಾನು ಹೇಳಲಾರೆ. ಆ ದೊಡ್ಡ ಪರದೆಯ ಚಿತ್ರವು ಅವನ ಫೋನಿನಲ್ಲಿ ಇನ್ನೂ ಇದೆ.

ಇದನ್ನೆಲ್ಲ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದ ನನ್ನ ಮನೆಯಾಕೆಯು ಮರುದಿನ ಅಡಿಗೆಯ ಮನೆಯಿಂದ, "ಒಲೆಯ ಮೇಲಿನ ದೀಪ ಮಂಕಾಗಿ ಎರಡು ವರ್ಷವಾಯಿತು. ಅದರ ಲೆಕ್ಕವನ್ನು ಯಾವಾಗ ಹಾಕುತ್ತೀರಿ?" ಎಂದಳು.